ಅಂಗಳದ ಕೋಲು, ಅಪ್ಪನ ಫೋನು: ನಮ್ಮ ಹೈಸ್ಕೂಲ್ ಮಕ್ಕಳ ಸೈನ್ಸ್ ವಿಡಿಯೋಗಳಲ್ಲಿ ಎಂತ ಉಂಟು, ಎಂತ ಇಲ್ಲ

ಏಪ್ರಿಲ್ 25, ಮಧ್ಯಾಹ್ನ 12 ಗಂಟೆ. ಉಡುಪಿ ಜಿಲ್ಲೆಯ ಕಟಪಾಡಿ ಹತ್ರದ ಒಂದು ಮನೆ ಅಂಗಳದಲ್ಲಿ ಒಂಬತ್ತನೇ ಕ್ಲಾಸ್ ಮುಗಿಸಿ ರಜೆಯಲ್ಲಿದ್ದ ಹುಡುಗಿಯೊಬ್ಳು ಒಂದು ಮೀಟರ್ ಉದ್ದದ ಕೋಲು ನಿಲ್ಸಿದ್ದಾಳೆ. ಕಡೆಯುವ ಕಲ್ಲಿಗೆ ಅಪ್ಪನ ಫೋನ್ ಒರಗಿಸಿ ರೆಕಾರ್ಡಿಂಗ್ ಆನ್ ಮಾಡಿದ್ದಾಳೆ, ಪಕ್ಕದಲ್ಲಿ ಅಜ್ಜಿ ಚಾಪೆ ತುಂಬ ಹಲಸಿನ ಹಪ್ಪಳ ಒಣಗ್ಲಿಕ್ಕೆ ಹಾಕಿ ಕಾಗೆ ಓಡಿಸ್ತಾ ಕೂತಿದ್ದಾರೆ. ಇವತ್ತು ಶೂನ್ಯ ನೆರಳಿನ ದಿನ, ಸೂರ್ಯ ನೇರ ನೆತ್ತಿ ಮೇಲೆ ಬಂದು ಸರಿಯಾಗಿ 12 ಗಂಟೆಗೆ ನೆರಳು ಮಾಯ ಆಗ್ತದೆ ಅಂತ ಅವಳ ಸ್ಕ್ರಿಪ್ಟಲ್ಲಿ ಬರ್ದಿದೆ. 12 ಆಯ್ತು. ನೆರಳು ಅಲ್ಲೇ ಉಂಟು. ಸ್ಕೇಲ್ ಇಟ್ಟು ನೋಡಿದ್ರೆ 12 ಸೆಂಟಿಮೀಟರ್.

ರೆಕಾರ್ಡಿಂಗ್ ನಿಲ್ಸಿ ಅದೇ ಫೋನಿಂದ ನಂಗೆ ಕಾಲ್ ಮಾಡಿದ್ಳು. "ಸರ್, ನೆರಳು ಹೋಗ್ಲೇ ಇಲ್ಲ, ಎಂತದೋ ತಪ್ಪಾಗಿದೆ, ಡಿಲೀಟ್ ಮಾಡ್ಲಾ?" ನಾನು ಟೀಚರ್ ಅಲ್ಲ, ಬೇರೆ ಕೆಲಸದಲ್ಲಿರುವವ, ಶನಿವಾರ ಮಾತ್ರ ಆ ಹೈಸ್ಕೂಲಿನ ಸೈನ್ಸ್ ಕ್ಲಬ್ಬಿಗೆ ಹೋಗಿ ಮಕ್ಕಳ ಜೊತೆ ಕೂರ್ತೇನೆ, ಆದ್ರೂ ಮಕ್ಕಳು ಸರ್ ಅಂತಲೇ ಕರೆಯುದು. ಡಿಲೀಟ್ ಮಾಡ್ಬೇಡ, ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದೊಂದು ಕಲ್ಲು ಇಡ್ತಾ ಹೋಗು ಅಂದೆ. ಕಲ್ಲುಗಳು ಕೋಲಿನ ಹತ್ರ ಹತ್ರ ಬಂದವು, 12.29ಕ್ಕೆ ನೆರಳು ಕೋಲಿನ ಬುಡದಲ್ಲೇ ಮುಗಿದು ಹೋಯ್ತು. ವಿಡಿಯೋದಲ್ಲಿ ಆ ಹೊತ್ತಿಗೆ ಅಜ್ಜಿ ಹಪ್ಪಳ ಬಿಟ್ಟು ಎದ್ದು ಬಂದು ಬಗ್ಗಿ ನೋಡ್ತಾರೆ, "ನಿರೆಲ್ ಓಡೆ ಪೋಂಡು?" ಅಂತ ತುಳುವಲ್ಲಿ ಕೇಳ್ತಾರೆ. ನೆರಳು ಎಲ್ಲಿಗೆ ಹೋಯ್ತು ಅಂತ. ನಾನು ನೋಡಿದ ಸೈನ್ಸ್ ವಿಡಿಯೋಗಳಲ್ಲಿ ಇಷ್ಟು ಒಳ್ಳೆ ಪ್ರಶ್ನೆ ಇಷ್ಟು ಸಹಜವಾಗಿ ಬಂದದ್ದು ಕಮ್ಮಿ.

ಈಗ ಎಲ್ಲಾ ಕಡೆ ಹೈಸ್ಕೂಲ್ ಮಕ್ಕಳಿಗೆ ಸೈನ್ಸ್ ರೀಲ್ಸ್ ಮಾಡಿ, ಯೂಟ್ಯೂಬ್ ಚಾನೆಲ್ ಮಾಡಿ, ಪಾಡ್‌ಕಾಸ್ಟ್ ಮಾಡಿ ಅಂತ ಹೇಳ್ತಾ ಇದ್ದೇವೆ. ಒಳ್ಳೇದೇ. ಆದ್ರೆ ಈ ಅರ್ಧ ಗಂಟೆಯ ವ್ಯತ್ಯಾಸದಲ್ಲೇ ಇಡೀ ವಿಷಯ ಉಂಟು ಅಂತ ನಂಗನ್ಸ್ತದೆ, ಹಾಗಾಗಿ ಮೊದ್ಲು ಅದನ್ನೇ ಸ್ವಲ್ಪ ಬಿಡಿಸಿ ಹೇಳ್ತೇನೆ.

ಸ್ಕ್ರಿಪ್ಟಲ್ಲಿ 12 ಗಂಟೆ ಅಂತ ಯಾಕೆ ಬಂತು? ಅವಳು ಅದನ್ನು ಒಂದು ಎಐ ಆಪ್ ಹತ್ರ ಕೇಳಿ ಬರ್ಸಿದ್ದು. ಮಧ್ಯಾಹ್ನ ಅಂದ್ರೆ 12 ಅಂತ ಆಪ್ ಬರೆದು ಕೊಟ್ಟಿತು, ಎಲ್ಲರಿಗೂ ಹಾಗೇ ಅನ್ಸುದು ಕೂಡ. ಆದ್ರೆ ನಮ್ಮ ಗಡಿಯಾರ ಕಟಪಾಡಿಯ ಸೂರ್ಯನನ್ನು ನೋಡಿ ಓಡುದಲ್ಲ, ಭಾರತದ ಟೈಮ್ ಪೂರ್ತಿ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಅದು ಹೋಗುದು ಈಗ ಪ್ರಯಾಗರಾಜ್ ಅಂತ ಹೆಸರಿರುವ ಅಲಹಾಬಾದ್ ಆಸುಪಾಸಲ್ಲಿ. ನಾವಿರುದು 74.7ರ ಹತ್ರ. ಭೂಮಿ ಒಂದು ಡಿಗ್ರಿ ತಿರುಗ್ಲಿಕ್ಕೆ 4 ನಿಮಿಷ ಬೇಕು, ಹಾಗಾಗಿ ಸೂರ್ಯ ನಮ್ಮ ನಡುನೆತ್ತಿಗೆ ಬರುವಾಗ ಸುಮಾರು 31 ನಿಮಿಷ ತಡ ಆಗ್ತದೆ. ಏಪ್ರಿಲ್ ಕೊನೆಗೆ ಭೂಮಿಯ ಓಟದ ಲೆಕ್ಕದಲ್ಲಿ ಸೂರ್ಯ ಒಂದೆರಡು ನಿಮಿಷ ಮುಂದೆ ಇರ್ತದೆ, ಅದನ್ನು ಕಳೆದ್ರೆ 12.29. ಬೆಂಗ್ಳೂರಲ್ಲಿ ಇದೇ 12.18ರ ಹತ್ರ ಬರ್ತದೆ, ನಮಗಿಂತ ಪೂರ್ವದಲ್ಲಿ ಉಂಟಲ್ವಾ. ಬೆಂಗ್ಳೂರಿನವ್ರ ರೀಲ್ಸ್ ನೋಡಿ ಅದನ್ನೇ ಕನ್ನಡದಲ್ಲಿ ಹೇಳಿದ್ರೆ ಭಾಷೆ ನಮ್ದು ಆಗ್ತದೆ, ಸೂರ್ಯ ಬೆಂಗ್ಳೂರಿಂದೇ ಉಳಿತದೆ.

ವಿಡಿಯೋ ಅಪ್ಲೋಡ್ ಆದ್ಮೇಲೆ ಬಂದದ್ದು ಮುನ್ನೂರು ಚಿಲ್ಲರೆ ವ್ಯೂಸ್, ಅದರಲ್ಲಿ ಅರ್ಧ ನೆಂಟರದ್ದೇ ಇರ್ಬಹುದು. ಆದ್ರೆ ಕಮೆಂಟಲ್ಲಿ ಮಂಗ್ಳೂರಿನ ಒಬ್ರು "ನಮ್ಮಲ್ಲಿ ನಿನ್ನೆಯೇ ಆಯ್ತಲ್ಲ, 24ಕ್ಕೆ" ಅಂತ ಹಾಕಿದ್ರು. ಮರುದಿನ ಕ್ಲಬ್ಬಿನದೇ ಒಬ್ಬ ಹುಡುಗ, ರಜೆಗೆ ಕುಂದಾಪುರದ ಅಜ್ಜನ ಮನೆಗೆ ಹೋಗಿದ್ದವ, ಇಲ್ಲಿ ಇವತ್ತು ನೆರಳು ಹೋಯ್ತು ಅಂತ ಫೋಟೋ ಕಳಿಸಿದ. ಮಂಗ್ಳೂರು 24, ಕಟಪಾಡಿ 25, ಕುಂದಾಪುರ 26. ಮೂರು ಪಾಯಿಂಟ್ ಸಿಕ್ಕಿದ ಕೂಡ್ಲೇ ಹುಡುಗಿಗೆ ಹೊಳೀತು, ಸೂರ್ಯ ಉತ್ತರಕ್ಕೆ ಹೋಗ್ತಾ ಉಂಟು. ಆ ದಿನಗಳಲ್ಲಿ ಸೂರ್ಯ ನೇರ ತಲೆ ಮೇಲೆ ಬರುವ ಜಾಗ ದಿನಕ್ಕೆ ಸುಮಾರು 36 ಕಿಲೋಮೀಟರ್ ಉತ್ತರಕ್ಕೆ ಸರೀತದೆ. ಹೆದ್ದಾರಿ 66 ನಮ್ಮಲ್ಲಿ ಹೆಚ್ಚುಕಮ್ಮಿ ತೆಂಕು ಬಡಗು ಹೋಗುದಲ್ವಾ, ಹಾಗಾಗಿ ಅವಳು ಮುಂದಿನ ವಿಡಿಯೋದಲ್ಲಿ ಹೇಳಿದ್ದು, ಸೂರ್ಯ ಮಂಗ್ಳೂರು ಬಸ್‌ಸ್ಟ್ಯಾಂಡಿಂದ ಹೊರಟು ಮರುದಿನ ಉಡುಪಿ ಮುಟ್ಟಿ ಅದರ ಮರುದಿನ ಕುಂದಾಪುರಕ್ಕೆ ಹೋಗ್ತದೆ, ಎಕ್ಸ್‌ಪ್ರೆಸ್ ಬಸ್ಸಿಗಿಂತ ತುಂಬ ನಿಧಾನ. ಅಜ್ಜಿಗೂ ಅರ್ಥ ಆಯ್ತು, ನಂಗೂ ಅಷ್ಟು ಚಂದ ಮಾಡಿ ಹೇಳ್ಲಿಕ್ಕೆ ಬರ್ತಿರ್ಲಿಲ್ಲ.

ಅಲ್ಲಿಗೆ ನಿಲ್ಲಲೂ ಇಲ್ಲ. ಧಾರವಾಡದಲ್ಲಿ ಅವಳ ಚಿಕ್ಕಮ್ಮನ ಮಗ ಇದ್ದಾನೆ, ಅವನಿಗೆ ಮೊದಲೇ, 25ರ ಮಧ್ಯಾಹ್ನ ನೆರಳು ಅತಿ ಗಿಡ್ಡ ಆಗುವ ಹೊತ್ತಿಗೆ ಒಂದು ಮೀಟರ್ ಕೋಲಿನ ನೆರಳು ಅಳೀಲಿಕ್ಕೆ ಹೇಳಿದ್ವಿ. ಅವನಿಗೆ ಮೂರು ಸಲ ಮೂರು ಉತ್ತರ ಬಂತು, 3.5, 3.9, 4.3 ಸೆಂಟಿಮೀಟರ್. ಯಾಕಂದ್ರೆ ಸೂರ್ಯ ಒಂದು ಚುಕ್ಕಿ ಅಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ, ಹಾಗಾಗಿ ನೆರಳಿನ ತುದಿ ಮಸುಕಾಗಿಯೇ ಬೀಳುದು, ಎಲ್ಲಿ ಮುಗೀತದೆ ಅಂತ ಕಣ್ಣಿಗೆ ಖಚಿತ ಸಿಗುದಿಲ್ಲ. ಮಧ್ಯದ 3.9 ತಗೊಂಡ್ರೆ ಸೂರ್ಯ ಅಲ್ಲಿ ನೆತ್ತಿಯಿಂದ ವಾಲಿದ ಕೋನ 2.23 ಡಿಗ್ರಿ, ಕಟಪಾಡಿಯಲ್ಲಿ ಸೊನ್ನೆ, ಮ್ಯಾಪಲ್ಲಿ ಎರಡು ಊರಿನ ತೆಂಕು ಬಡಗು ದೂರ ಸುಮಾರು 240 ಕಿಲೋಮೀಟರ್, 360 ಡಿಗ್ರಿಗೆ ಎಷ್ಟು ಅಂತ ಲೆಕ್ಕ ಹಾಕಿದ್ರೆ ಭೂಮಿಯ ಸುತ್ತಳತೆ 39 ಸಾವಿರ ಕಿಲೋಮೀಟರ್ ಹತ್ರ ಬಂತು. ನಿಜವಾದದ್ದು 40 ಸಾವಿರ. 3.5 ತಗೊಂಡ್ರೆ 43 ಸಾವಿರ, 4.3 ತಗೊಂಡ್ರೆ 35 ಸಾವಿರ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ಥೆನಿಸ್ ಈಜಿಪ್ಟಲ್ಲಿ ಮಾಡಿದ ಕೆಲಸ ಇದೇ, ಪಾಠ ಪುಸ್ತಕದಲ್ಲಿ ಎರಡು ಲೈನಲ್ಲಿ ಮುಗೀತದೆ. ಇಲ್ಲಿ ಇಬ್ರು ಮಕ್ಕಳು ಎರಡು ಅಪ್ಪಂದಿರ ಫೋನಲ್ಲಿ ಅದನ್ನು ಮಾಡಿದ್ರು, ಮತ್ತೆ ವಿಡಿಯೋದಲ್ಲಿ ಮೂರೂ ಉತ್ತರ ಹಾಕಿದ್ರು, ಒಳ್ಳೇದು ಬಂದದ್ದನ್ನು ಮಾತ್ರ ಅಲ್ಲ. ಕೋಲು ನೇರ ಉಂಟಾ ನೋಡ್ಲಿಕ್ಕೆ ಪಕ್ಕದ ಮನೆ ಮೇಸ್ತ್ರಿ ಮಾಮನ ಹತ್ರ ಗೋಡೆಗೆ ಇಳಿಬಿಡುವ ಗುಂಡು ತಂದಿದ್ರು. ಒಂದು ಡಿಗ್ರಿ ವಾಲಿದ್ರೂ ನೆರಳು 1.7 ಸೆಂಟಿಮೀಟರ್ ತಪ್ಪಿ ಹೋಗ್ತದೆ, ಅದು ಗುಂಡು ಹಿಡಿದ್ಮೇಲೆ ಅವರಿಗೇ ಗೊತ್ತಾದದ್ದು.

ನಾನು ಸೈನ್ಸ್ ಕಮ್ಯುನಿಕೇಶನ್ ಅಂತ ಹೇಳುದು ಇದನ್ನು. ಮಗು ತಾನೇ ನೋಡಿರ್ಬೇಕು, ಅಳೆದಿರ್ಬೇಕು, ಮನೆಯವ್ರಿಗೆ ಅರ್ಥ ಆಗುವ ಮಾತಲ್ಲಿ ಹೇಳ್ಬೇಕು, ಆ ಕಡೆಯಿಂದ ಒಬ್ರು "ನಮ್ಮಲ್ಲಿ ಹಾಗಲ್ಲ" ಅಂತ ಹೇಳಿದ್ರೆ ಪುನಃ ಹೋಗಿ ನೋಡ್ಬೇಕು. ಇದರಲ್ಲಿ ಫೋನ್ ಬರೀ ತೋರ್ಸುವ ಡಬ್ಬಿ ಆಗಿ ಉಳಿಯುದಿಲ್ಲ, ನೋಡುವ ಸಾಧನ ಆಗ್ತದೆ.

ಇದಕ್ಕೆ ತದ್ವಿರುದ್ಧ ಒಂದು ಅನುಭವ ಹೇಳ್ತೇನೆ. ಒಂದು ಕಡೆ ಹೈಸ್ಕೂಲ್ ಮಕ್ಕಳ ಸೈನ್ಸ್ ವಿಡಿಯೋ ಕಾಂಪಿಟಿಷನ್ ಇತ್ತು, ಎಲ್ಲಿ, ಯಾರು ಮಾಡಿದ್ದು ಅಂತ ಬೇಡ. ಫಸ್ಟ್ ಪ್ರೈಜ್ ಬಂದದ್ದು ಬ್ಲ್ಯಾಕ್ ಹೋಲ್ ಬಗ್ಗೆ ಮಾಡಿದ ಒಂದು ವಿಡಿಯೋಕ್ಕೆ, ಇಂಟರ್‌ನೆಟ್ಟಿಂದ ತೆಗೆದ ಕ್ಲಿಪ್ಪು, ಎಐ ವಾಯ್ಸು, ಎದೆ ಝಲ್ಲೆನ್ನುವ ಮ್ಯೂಸಿಕ್ಕು. ಮಾಡಿದ ಹುಡುಗ ಬುದ್ಧಿವಂತ, ಎಡಿಟಿಂಗ್ ಚೆನ್ನಾಗಿಯೇ ಇತ್ತು, ಅವನ ಮೇಲೆ ನಂಗೆ ಒಂದು ಚೂರೂ ದೂರಿಲ್ಲ. ಬಹುಮಾನ ಬಾರದ ವಿಡಿಯೋ ಒಂದಿತ್ತು, ಸಮುದ್ರದ ಹತ್ರ ಮನೆಯಿರುವ ಒಬ್ಬ ಹುಡುಗಂದು. ಅವರ ಬಾವಿ ನೀರು ಮಾರ್ಚ್ ನಂತರ ಉಪ್ಪಾಗ್ತದೆ. ಅವ ಒಂದು ಸೌಟು ಬಾವಿ ನೀರನ್ನು ದೋಸೆ ಕಾವಲಿಗೆ ಹಾಕಿ ಪೂರ್ತಿ ಇಂಗಿಸಿ, ಉಳಿದ ಬಿಳಿ ಕಲೆಗೆ ಕ್ಯಾಮರಾ ಹಿಡಿದಿದ್ದ. ಜುಲೈ ತಿಂಗ್ಳಲ್ಲಿ ಅದೇ ಕಾವಲಿಗೆ ಅದೇ ಸೌಟು, ಕಲೆ ಕಾಣ್ತದಾ ಇಲ್ವಾ ಅನ್ನುವಷ್ಟು. ಬೇಸಿಗೆಯಲ್ಲಿ ಸಿಹಿನೀರಿನ ಮಟ್ಟ ಇಳಿದಾಗ ಸಮುದ್ರದ ನೀರು ಅಡಿಯಿಂದ ಒಳಗೆ ನುಗ್ಗುದು, ಮಳೆ ಬಂದು ಸಿಹಿನೀರು ತುಂಬಿದಾಗ ಅದನ್ನು ಹಿಂದೆ ತಳ್ಳುದು, ಇಷ್ಟನ್ನು ಅವ ತೆಂಗಿನ ಚಿಪ್ಪು ಮತ್ತೆ ಮರಳು ಇಟ್ಟು ತೋರ್ಸಿದ್ದ. ವಾಯ್ಸಲ್ಲಿ ಗಾಳಿ ಸದ್ದು ತುಂಬಿತ್ತು, ಒಂದು ಕಡೆ ಕ್ಯಾಮರಾ ಅಲ್ಲಾಡಿತ್ತು. ಮಾರ್ಕ್ಸ್ ಶೀಟಲ್ಲಿ ಎಡಿಟಿಂಗಿಗೆ ಜಾಗ ಇತ್ತು, ಸ್ಪಷ್ಟ ಉಚ್ಚಾರಕ್ಕೆ ಇತ್ತು, ಲೈಕ್ಸಿಗೂ ಇತ್ತು. ನಿಂಗೆ ಹೇಗೆ ಗೊತ್ತಾಯ್ತು ಅಂತ ಕೇಳುವ ಒಂದು ಕಾಲಂ ಇರ್ಲಿಲ್ಲ. ಆ ಹುಡುಗ ಮತ್ತೆ ಕಾಂಪಿಟಿಷನ್ನಿಗೆ ಬರ್ಲಿಲ್ಲ, ಅದು ನಂಗೆ ಇವತ್ತಿಗೂ ಬೇಜಾರು.

ಇದರಲ್ಲಿ ಆಪ್‌ಗಳ ಪಾಲೂ ಉಂಟು. ಶಾರ್ಟ್ಸ್, ರೀಲ್ಸ್ ಯಾರಿಗೆ ತೋರ್ಸ್ಬೇಕು ಅಂತ ನಿರ್ಧಾರ ಆಗುದು ಜನ ಎಷ್ಟು ಹೊತ್ತು ನೋಡಿದ್ರು, ಎಲ್ಲಿ ಬೆರಳಾಡಿಸಿ ಮುಂದೆ ಹೋದ್ರು ಅನ್ನುದರ ಮೇಲೆ. ಮೊದಲ ಎರಡು ಮೂರು ಸೆಕೆಂಡಲ್ಲಿ ಹೆದರ್ಸಿದ್ರೆ ಇಲ್ಲವೇ ಬೆರಗು ಹುಟ್ಟಿಸಿದ್ರೆ ನಿಲ್ತಾರೆ. ಯೂಟ್ಯೂಬ್ ಶಾರ್ಟ್ಸ್ 60 ಸೆಕೆಂಡಿಂದ ಮೂರು ನಿಮಿಷಕ್ಕೆ ಹೋದದ್ದು 2024ರ ಅಕ್ಟೋಬರಲ್ಲಿ, ಮೂರು ನಿಮಿಷ ಅಂದ್ರೆ ಒಂದು ಪ್ರಯೋಗ ತೋರ್ಸ್ಲಿಕ್ಕೆ ಸಾಕು, ಆದ್ರೆ ಬಾವಿ ನೀರು ಇಂಗುದನ್ನು ಕಾಯುವ ವ್ಯವಧಾನ ಆ ಪರದೆ ಮುಂದೆ ಕಮ್ಮಿ. ಮಕ್ಕಳಿಗೆ ಇದು ಎರಡನೇ ವಿಡಿಯೋದಲ್ಲೇ ಗೊತ್ತಾಗ್ತದೆ, ಬ್ಲ್ಯಾಕ್ ಹೋಲಿಗೆ ಓಡ್ತದೆ, ಬಾವಿಗೆ ಓಡುದಿಲ್ಲ ಅಂತ. ಹಾಗಿರುವಾಗ ಸ್ಕೂಲೂ ಅದೇ ತಕ್ಕಡಿಯಲ್ಲಿ ತೂಗಿದ್ರೆ ಬಾವಿ ವಿಡಿಯೋ ಮಾಡ್ಲಿಕ್ಕೆ ಯಾರು ಉಳೀತಾರೆ?

ನಮ್ಮ ಊರಿಗೆ ಇದು ಹೊಸತೂ ಅಲ್ಲ. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರಲ್ಲಿ ಹೊರಟದ್ದು ಇಲ್ಲಿಂದ. ಕೋಟದ ಶಿವರಾಮ ಕಾರಂತರು ಪುತ್ತೂರಲ್ಲಿ ಕೂತು ಸ್ವಾತಂತ್ರ್ಯಕ್ಕೂ ಮೊದಲೇ ಮಕ್ಕಳಿಗೆ ಕನ್ನಡದಲ್ಲಿ ವಿಶ್ವಕೋಶ ಬರೆದ್ರು, ಆಮೇಲೆ ವಿಜ್ಞಾನಕ್ಕೇ ಅಂತ ಸಂಪುಟಗಳನ್ನೂ ತಂದ್ರು, ಪದ ಇಲ್ಲದ ಕಡೆ ಪದ ಹುಡುಕಿ ಬರೆದ್ರು. ಮಂಗ್ಳೂರಿನ ಸಂತ ಅಲೋಶಿಯಸ್ ಕಾಲೇಜಿನ ರೇಡಿಯೋ ಸಾರಂಗ್, ಮಣಿಪಾಲದ ಸಮುದಾಯ ರೇಡಿಯೋ ಎರಡೂ ಇಲ್ಲೇ ಉಂಟು, ತುಳು ವಿಕಿಪೀಡಿಯ 2016ರಲ್ಲಿ ಬಂತು. ಮಂಗ್ಳೂರಿನ ಪಿಲಿಕುಳದಲ್ಲಿ ಸೈನ್ಸ್ ಸೆಂಟರ್ ಉಂಟು, 2018ರಲ್ಲಿ ತ್ರೀಡಿ ತಾರಾಲಯ ಆಯ್ತು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಕ್ಲಬ್ ಗ್ರಹಣ ಇರ್ಲಿ, ಧೂಮಕೇತು ಇರ್ಲಿ, ಜನರನ್ನು ಕರೆದು ಆಕಾಶ ತೋರ್ಸ್ತದೆ. ಇಷ್ಟೆಲ್ಲಾ ಇರುವ ಊರಲ್ಲಿ ಮಕ್ಕಳ ವಿಡಿಯೋಗಳು ಮಾತ್ರ ಬೇರೆ ಯಾರದ್ದೋ ಕ್ಲಿಪ್ ಮೇಲೆ ನಿಲ್ಬೇಕಾ?

ಅದಕ್ಕಿಂತ ದೊಡ್ಡ ಮಾತು, ಇಲ್ಲಿ ಹೊಸ ಸೈನ್ಸ್ ಕಾಲಡಿಯಲ್ಲೇ ಉಂಟು. ಮಣಿಪಾಲದ ಸುತ್ತಮುತ್ತ ಮುರಕಲ್ಲಿನ, ಅಂದ್ರೆ ಜಂಬಿಟ್ಟಿಗೆ ಕಲ್ಲಿನ ಬಯಲುಗಳು ಉಂಟಲ್ಲ, ಜನ ಪಾಳು ಜಾಗ ಅಂತ ಹೇಳ್ತಾರೆ, ಅಲ್ಲಿಂದ 2016ರಲ್ಲಿ ಒಂದು ಹೊಸ ಕಪ್ಪೆ ಜಾತಿಯನ್ನು ವಿಜ್ಞಾನಕ್ಕೆ ಪರಿಚಯ ಮಾಡಿದ್ರು, ಮೈಕ್ರೋಹೈಲ ಲ್ಯಾಟರೈಟ್ ಅಂತ ಹೆಸರು, ಮುರಕಲ್ಲಿನ ಹೆಸರನ್ನೇ ಇಟ್ಟದ್ದು. ಉದ್ದ ಬರೀ 1.6 ಸೆಂಟಿಮೀಟರ್, ಹೆಬ್ಬೆರಳಿನ ಉಗುರಿನಷ್ಟು. ಕೂಗಿದ್ರೆ ಜೀರುಂಡೆ ಅಂತಲೇ ಅನ್ಸ್ತದೆ. ಜನಸಾಮಾನ್ಯರೂ ಸೇರಿ ನೋಡಿ ದಾಖಲಿಸುವ ಕೆಲಸದಿಂದ ಹೊರಬಂದ ಶೋಧ ಅದು. ಎರಡು ವರ್ಷ ಬಿಟ್ಟು 2018ರಲ್ಲಿ ಮಂಗ್ಳೂರಿನ ಕೈಗಾರಿಕಾ ಪ್ರದೇಶದಿಂದ ಇನ್ನೊಂದು, ಮೈಕ್ರೋಹೈಲ ಕೊಡಿಯಾಲ್, ಕೊಂಕಣಿಯಲ್ಲಿ ಮಂಗ್ಳೂರಿಗೆ ಕೊಡಿಯಾಲ್ ಅಂತ ಹೇಳ್ತಾರಲ್ಲ, ಅದೇ. ಕಾಡಲ್ಲಿ ಅಲ್ಲ, ಫ್ಯಾಕ್ಟರಿಗಳ ಮಧ್ಯೆ. ಮಕ್ಕಳಿಗೆ ಈ ಎರಡು ಕಥೆ ಹೇಳಿದ್ಮೇಲೆ ಜೂನ್ ತಿಂಗ್ಳಲ್ಲಿ ನಾಲ್ಕೈದು ಜನ ಮನೆ ಹಿಂದಿನ ಗದ್ದೆ ಬದಿಯಲ್ಲಿ ರಾತ್ರಿ ಎರಡೆರಡು ನಿಮಿಷ ಕಪ್ಪೆ ಸದ್ದು ರೆಕಾರ್ಡ್ ಮಾಡಿ ತಂದ್ರು. ಹೊಸ ಜಾತಿ ಎಂತದ್ದೂ ಸಿಗ್ಲಿಲ್ಲ. ಆದ್ರೆ ಮಳೆ ಜೋರು ಬಂದ ರಾತ್ರಿಯದ್ದು, ಮಳೆ ಬಿಟ್ಟ ರಾತ್ರಿಯದ್ದು ಪಕ್ಕ ಪಕ್ಕ ಇಟ್ಟು ಕೇಳಿದಾಗ ಸದ್ದುಗಳು ಬೇರೆ ಬೇರೆ, ಎಷ್ಟು ಬಗೆ ಅಂತ ಅವರೇ ಎಣಿಸಿದ್ರು. ಕಪ್ಪೆ ಹಿಡೀಲಿಕ್ಕಿಲ್ಲ, ಅಪರೂಪದ್ದು ಸಿಕ್ಕಿದ್ರೆ ಜಾಗದ ಲೊಕೇಶನ್ ಹಾಕ್ಲಿಕ್ಕಿಲ್ಲ, ಇದು ಮೊದಲೇ ಹೇಳಿ ಕೊಡ್ಬೇಕಾದ ವಿಷಯ.

ಫೋನಲ್ಲಿ ಮೈಕ್ ಉಂಟು, ಸ್ಲೋ ಮೋಷನ್ ಉಂಟು, ವೇಗ ಬದಲಾಗುದು ಗೊತ್ತಾಗುವ ಸೆನ್ಸರ್ ಉಂಟು, ಕೆಲವು ಫೋನಲ್ಲಿ ಗಾಳಿಯ ಒತ್ತಡದ್ದೂ ಉಂಟು. ಜರ್ಮನಿಯ ಆಖೆನ್ ಯುನಿವರ್ಸಿಟಿಯವ್ರು ಮಾಡಿದ ಫೈಫಾಕ್ಸ್ ಅಂತ ಒಂದು ಫ್ರೀ ಆಪ್ ಉಂಟು, ಉಯ್ಯಾಲೆಯಲ್ಲಿ ಫೋನ್ ಕಟ್ಟಿ ಕೂತ್ರೆ ಪೆಂಡುಲಮ್ ಪಾಠ ಗ್ರಾಫಲ್ಲಿ ಬರ್ತದೆ. ಕಾಗದದ ಮೈಕ್ರೋಸ್ಕೋಪು ಫೋಲ್ಡ್‌ಸ್ಕೋಪ್ ಫೋನಿಗೆ ಅಂಟಿಸಿದ್ರೆ ಕೆರೆ ನೀರಲ್ಲಿ ಓಡಾಡುವ ಜೀವಿಗಳು ವಿಡಿಯೋದಲ್ಲಿ ಬರ್ತವೆ. ಸಾಧನಕ್ಕೆ ಬಡತನ ಇಲ್ಲ, ಹೇಗೆ ಬಳಸುದು ಅಂತ ಪಕ್ಕದಲ್ಲಿ ಕೂತು ಹೇಳುವವರು ಬೇಕು ಅಷ್ಟೇ.

ಗಾಳಿಸುದ್ದಿ ಹಬ್ಬುವಾಗ ಇಂಥ ಮಕ್ಕಳು ಎಷ್ಟು ಉಪಯೋಗ ಅಂತ ನೋಡಿ. 2020ರ ಕೊನೆಗೆ ನಮ್ಮ ಬೀಚುಗಳಲ್ಲಿ ರಾತ್ರಿ ತೆರೆ ನೀಲಿಯಾಗಿ ಹೊಳೀತಿತ್ತು, ಜನ ಕಾರು ಬೈಕು ಹಿಡಿದು ನೋಡ್ಲಿಕ್ಕೆ ಹೋದ್ರು. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಕೆಮಿಕಲ್ ಬಿಟ್ಟಿದ್ದಾರೆ ಅಂತ ಬಂತು, ಸುನಾಮಿ ಬರುವ ಸೂಚನೆ ಅಂತಲೂ ಬಂತು. ಅದು ನಾಕ್ಟಿಲ್ಯೂಕ ಅನ್ನುವ ಒಂದೇ ಕೋಶದ ಜೀವಿ, ನೀರು ಅಲ್ಲಾಡಿದಾಗ ಮೈಯೊಳಗೆ ರಾಸಾಯನಿಕ ಕ್ರಿಯೆ ನಡೆದು ಬೆಳಕು ಬರ್ತದೆ, ಮಿಂಚುಹುಳದಲ್ಲಿ ಆಗುವಂಥದ್ದೇ ಒಂದು ಬಗೆ. ತುಂಬ ಹೆಚ್ಚಿದ್ರೆ ನೀರಲ್ಲಿ ಆಕ್ಸಿಜನ್ ಕಮ್ಮಿಯಾಗಿ ಮೀನಿಗೆ ತೊಂದ್ರೆ. ಇಷ್ಟನ್ನು ಒಬ್ಬ ಮೀನುಗಾರರ ಮನೆ ಹುಡುಗ ಒಂದು ಬಾಟ್ಲಿಯಲ್ಲಿ ಆ ನೀರು ತಂದು ಕತ್ತಲಲ್ಲಿ ಕುಲುಕಿ ತೋರ್ಸಿ ಹೇಳಿದ್ದಿದ್ರೆ ಅದೇ ಗ್ರೂಪಲ್ಲಿ ಅಷ್ಟೇ ಬೇಗ ಹೋಗ್ತಿತ್ತು. ಯಾಕಂದ್ರೆ ಜನ ನಂಬುದು ವಿಷಯಕ್ಕಿಂತ ಮೊದಲು ಹೇಳುವವರನ್ನು, ನಮ್ಮ ಮನೆ ಮಗು ಹೇಳಿದ್ರೆ ಒಮ್ಮೆ ಕೇಳ್ತಾರೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಲ್ಲೂ ಹಾಗೇ. ಮಂಗ್ಳೂರಲ್ಲಿ ಪೂರ್ತಿ ಬಳೆ ಕಂಡದ್ದು, ಬೆಳಗ್ಗೆ ಒಂಬತ್ತೂವರೆ ಹತ್ರ. ತುಂಬ ಮನೆಗಳಲ್ಲಿ ಮಕ್ಕಳನ್ನು ಹೊರಗೆ ಬಿಡ್ಲಿಲ್ಲ, ಅದೇ ಹೊತ್ತಲ್ಲಿ ಮರದ ಕೆಳಗೆ ಎಲೆ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕಿಗಳೆಲ್ಲ ಚಿಕ್ಕ ಚಿಕ್ಕ ಬಳೆ ಆಗಿದ್ದವು, ಆಕಾಶ ನೋಡ್ಲೇ ಬೇಕಿರ್ಲಿಲ್ಲ, ನೆಲ ನೋಡಿದ್ರೆ ಸಾಕಿತ್ತು. ಆ ಫೋಟೋ ಒಂದನ್ನು ಮೊಮ್ಮಗಳು ತೋರ್ಸಿದ್ರೆ ಅಜ್ಜ ಬಾಗಿಲು ತೆಗೀತಿದ್ರು ಅಂತ ನಂಗೆ ಈಗಲೂ ಅನ್ಸ್ತದೆ.

ಭಾಷೆ ವಿಷಯ ಸ್ವಲ್ಪ ಸೂಕ್ಷ್ಮ. ನಮ್ಮಲ್ಲಿ ಮಗು ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಕುಂದಾಪ್ರ ಕನ್ನಡವೋ ಮಾತಾಡ್ತದೆ, ಪಾಠ ಪುಸ್ತಕದ ಕನ್ನಡ ಅಥವಾ ಇಂಗ್ಲಿಷಲ್ಲಿ ಓದ್ತದೆ. ಕ್ಯಾಮರಾ ಆನ್ ಆದ ಕೂಡ್ಲೇ ಪುಸ್ತಕದ ಭಾಷೆ ಬಾಯಿಗೆ ಬರ್ತದೆ, ದ್ಯುತಿಸಂಶ್ಲೇಷಣೆ ಅಂತ ಶುರು ಮಾಡಿದ್ರೆ ಮನೆಯವ್ರು ಅಲ್ಲಿಗೇ ಬಿಟ್ರು. ನಾವು ಕ್ಲಬ್ಬಲ್ಲಿ ಒಂದು ಕ್ರಮ ಇಟ್ಕೊಂಡಿದ್ದೇವೆ, ಮೊದ್ಲು ಕ್ಯಾಮರಾ ಇಲ್ಲದೆ ಮನೆಯಲ್ಲಿ ಒಬ್ಬ ದೊಡ್ಡವ್ರಿಗೆ ಹೇಳಿ ಬಾ, ಅವರು ಎಂತ ಕೇಳಿದ್ರು ಅಂತ ಬರ್ಕೊಂಡು ಬಾ. ತೂಕ ಬೇರೆ ದ್ರವ್ಯರಾಶಿ ಬೇರೆ ಅಂತ ಒಬ್ಳು ಅಮ್ಮನಿಗೆ ಹೇಳ್ಲಿಕ್ಕೆ ಹೋದ್ಳು, ಅಮ್ಮ ಮೀನು ಮಾರುವವ್ರು, "ತಕ್ಕಡಿ ಚಂದ್ರನಲ್ಲಿಗೆ ತಗೊಂಡು ಹೋದ್ರೂ ಒಂದು ಕಿಲೋ ಬಂಗುಡೆ ಒಂದು ಕಿಲೋವೇ ಅಲ್ವಾ ಮಗಾ?" ಅಂತ ಕೇಳಿದ್ರು. ಸರಿಯಾದ ಪ್ರಶ್ನೆ! ಎರಡು ತಟ್ಟೆಯ ತಕ್ಕಡಿ ಎರಡೂ ಕಡೆ ಹೋಲಿಸಿ ನೋಡುದು, ಚಂದ್ರನಲ್ಲಿ ಎರಡೂ ಕಡೆಯೂ ಹಗುರ ಆಗ್ತದೆ, ಹಾಗಾಗಿ ಉತ್ತರ ಬದಲಾಗುದಿಲ್ಲ. ಸ್ಪ್ರಿಂಗ್ ತಕ್ಕಡಿಯಾದ್ರೆ ಆರರಲ್ಲಿ ಒಂದು ಪಾಲು ತೋರ್ಸ್ತದೆ. ಅಮ್ಮನ ಆ ಒಂದು ಮಾತಿಂದ ಹುಡುಗಿಗೆ ಪಾಠ ಪೂರ್ತಿ ಬಿಡಿಸಿ ಸಿಕ್ಕಿತು, ವಿಡಿಯೋ ಅಮ್ಮನ ಪ್ರಶ್ನೆಯಿಂದಲೇ ಶುರು ಆಯ್ತು.

ಎಐ ಬೇಡ ಅಂತ ನಾನು ಹೇಳುದಿಲ್ಲ. ಮಕ್ಕಳು ಹೇಗೂ ಬಳಸ್ತಾರೆ, ಸ್ಪೆಲ್ಲಿಂಗ್ ನೋಡ್ಲಿಕ್ಕೆ, ವಿಷಯ ಹುಡುಕ್ಲಿಕ್ಕೆ ಉಪಕಾರವೇ. ಆದ್ರೆ ಸ್ಕ್ರಿಪ್ಟಲ್ಲಿ ಬಂದ ಒಂದೊಂದು ಅಂಕೆಯ ಪಕ್ಕ ಇದನ್ನು ನಾನು ನೋಡಿದ್ದಾ, ಓದಿದ್ದಾ, ಆಪ್ ಹೇಳಿದ್ದಾ ಅಂತ ಪೆನ್ಸಿಲಲ್ಲಿ ಬರೀಬೇಕು ಅಂತ ನಮ್ಮಲ್ಲಿ ಹಟ. 12 ಗಂಟೆ ತಪ್ಪು ಆದ್ಮೇಲೆ ಯಾರೂ ಅದಕ್ಕೆ ಬೇಡ ಅಂದಿಲ್ಲ.

ಇನ್ನು ಸುರಕ್ಷತೆ, ಇದು ತಮಾಷೆ ವಿಷಯ ಅಲ್ಲ. ಯೂಟ್ಯೂಬ್, ಇನ್‌ಸ್ಟಾಗ್ರಾಂ ಎರಡಕ್ಕೂ ಕನಿಷ್ಠ 13 ವರ್ಷ ಆಗಿರ್ಬೇಕು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾನೂನಿನ ಪ್ರಕಾರ 18ರ ಒಳಗಿನವ್ರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸ್ಲಿಕ್ಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16ರ ಒಳಗಿನವ್ರಿಗೆ ದೊಡ್ಡ ಸೋಶಿಯಲ್ ಮೀಡಿಯಾ ಆಪ್‌ಗಳಲ್ಲಿ ಅಕೌಂಟೇ ಇಲ್ಲ ಅಂತ ಆಯ್ತು. ಹೆಣ್ಮಕ್ಕಳ ವಿಡಿಯೋಕ್ಕೆ ಬರುವ ಕಮೆಂಟುಗಳನ್ನು ನೋಡಿದ್ರೆ ಹೆತ್ತವ್ರ ಹೆದ್ರಿಕೆ ಸುಳ್ಳಲ್ಲ. ಅದಕ್ಕೆ ಚಾನೆಲ್ ಮಕ್ಕಳ ಹೆಸರಲ್ಲಿ ಬೇಡ, ಸ್ಕೂಲಿನ ಹೆಸರಲ್ಲಿ ಟೀಚರ್ ಕೈಯಲ್ಲಿ ಇರ್ಲಿ. ಮುಖ ಕಾಣ್ಲೇಬೇಕು ಅಂತಿಲ್ಲ, ಕೈ, ಕೋಲು, ನೆರಳು, ದನಿ ಸಾಕು, ಯೂನಿಫಾರ್ಮ್ ಬ್ಯಾಡ್ಜ್ ಮನೆ ಗೇಟ್ ಕಾಣ್ಬಾರ್ದು. ಕಮೆಂಟನ್ನು ಟೀಚರ್ ನೋಡಿದ ಮೇಲೆಯೇ ತೋರ್ಸುವ ಹಾಗೆ ಸೆಟ್ಟಿಂಗ್ ಉಂಟು, ಅದನ್ನು ಹಾಕಿ. ಕೆಲವು ಕಡೆ ಮಕ್ಕಳಿಗಾಗಿ ಮಾಡಿದ ವಿಡಿಯೋ ಅಂತ ಟಿಕ್ ಹಾಕ್ತಾರೆ, ಆಗ ಯೂಟ್ಯೂಬಲ್ಲಿ ಕಮೆಂಟೇ ಬಂದ್ ಆಗ್ತದೆ. ನಮ್ಮ ವಿಡಿಯೋ ಊರಿನ ದೊಡ್ಡವ್ರಿಗೂ ಅಂತ ಮಾಡಿದ್ದು, ಆ ಮಂಗ್ಳೂರಿನವ್ರ ಕಮೆಂಟ್ ಬಾರದೇ ಇದ್ದಿದ್ರೆ 24, 25, 26ರ ಕಥೆ ಹುಟ್ತಾನೇ ಇರ್ಲಿಲ್ಲ.

ಫೋನ್ ಯಾರದ್ದು ಅನ್ನುದು ಇನ್ನೊಂದು. ಹೆಚ್ಚಿನ ದಿನ ಅಪ್ಪನ ಫೋನ್ ಅಪ್ಪ ಕೆಲಸದಿಂದ ಬಂದ್ಮೇಲೆ ಸಿಗುದು, ಅಷ್ಟೊತ್ತಿಗೆ ಸೂರ್ಯ ಮುಳುಗಿರ್ತದೆ. ಸ್ಕೂಲಿಗೆ ಫೋನ್ ತರ್ಲಿಕ್ಕಿಲ್ಲ, ಆ ನಿಯಮ ಸರಿಯೇ. 2021ರಲ್ಲಿ ಸುಳ್ಯ ಕಡೆ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತು ಮಗಳು ರಸ್ತೆ ಬದಿ ಆನ್‌ಲೈನ್ ಕ್ಲಾಸ್ ಕೇಳಿದ ಫೋಟೋ ಎಲ್ಲರೂ ನೋಡಿದ್ದೇವೆ, ನೆಟ್‌ವರ್ಕ್ ಆ ಕಡೆಗಳಲ್ಲಿ ಈಗಲೂ ಎಲ್ಲಾ ಮೂಲೆಗೆ ಬಂದಿಲ್ಲ. ಹಾಗಾಗಿ ಸ್ಕೂಲಿಗೇ ಒಂದು ಹಳೇ ಫೋನ್, ಒಂದು ಚಿಕ್ಕ ಸ್ಟ್ಯಾಂಡ್, ಒಂದು ಕಾಲರ್ ಮೈಕ್ ಇದ್ರೆ ಸಾಕು, ಸರದಿಯಲ್ಲಿ ಮಕ್ಕಳು ಬಳಸ್ತಾರೆ. ಕೇಂದ್ರ ಸರ್ಕಾರದ ಯೋಜನೆಯಲ್ಲಿ 2016ರಿಂದ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಸ್ಕೂಲುಗಳಲ್ಲಿ ಜಾಗವೂ ಉಂಟು, ಸಾಮಾನೂ ಉಂಟು. ನಿಜವಾಗಿ ಕಷ್ಟ ಆಗುದು ಟೀಚರಿಗೆ. ಒಬ್ರೇ ಸೈನ್ಸ್ ಟೀಚರ್, ಎಸ್‌ಎಸ್‌ಎಲ್‌ಸಿ ರಿಸಲ್ಟಿನ ಒತ್ತಡ, ಅದರ ಮೇಲೆ ಖಗೋಳ, ಕಪ್ಪೆ, ಬಾವಿ ನೀರು ಎಲ್ಲಾ ಸರಿ ಉಂಟಾ ನೋಡಿ ಅಂದ್ರೆ ಹೇಗೆ? ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆ, ಕೊಣಾಜೆಯ ಮಂಗಳೂರು ಯುನಿವರ್ಸಿಟಿ, ಮಂಗ್ಳೂರಿನ ಮೀನುಗಾರಿಕಾ ಕಾಲೇಜು, ಮಣಿಪಾಲ, ಎಲ್ಲಾ ಬಸ್ಸಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಉಂಟು. ಒಂದೊಂದು ಹೈಸ್ಕೂಲಿಗೆ ಒಬ್ಬ ಪಿಜಿ ಸ್ಟೂಡೆಂಟ್ ವಾರಕ್ಕೆ ಒಂದು ಗಂಟೆ ವಿಡಿಯೋ ಕಾಲಲ್ಲಿ ಸಿಕ್ಕಿದ್ರೂ ತಪ್ಪು ಹೋಗುದು ತುಂಬ ಕಮ್ಮಿ ಆಗ್ತದೆ. ಕಾಂಪಿಟಿಷನ್ ಮಾಡುವವ್ರು ಮಾರ್ಕ್ಸ್ ಶೀಟಲ್ಲಿ ಒಟ್ಟು ಮಾರ್ಕಿನ ಅರ್ಧದಷ್ಟನ್ನು "ನಿಂಗೆ ಹೇಗೆ ಗೊತ್ತು" ಅನ್ನುದಕ್ಕೆ ಇಡಿ, ಲೈಕ್ಸಿನ ಕಾಲಂ ತೆಗೀರಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಶೂನ್ಯ ನೆರಳು ವರ್ಷಕ್ಕೆ ಎರಡು ಸಲ ಬರ್ತದೆ, ಸೂರ್ಯ ಉತ್ತರಕ್ಕೆ ಹೋಗುವಾಗ ಒಮ್ಮೆ, ವಾಪಸ್ ಬರುವಾಗ ಒಮ್ಮೆ. ನಮ್ಮ ಉಡುಪಿ ಕಡೆಗೆ ಎರಡನೇದು ಆಗಸ್ಟ್ 17ರ ಆಸುಪಾಸು, 12.35ರ ಹೊತ್ತಿಗೆ. ಕ್ಲಬ್ಬಿನ ಮಕ್ಕಳು ಆ ದಿನ ಗುಂಡು, ಕೋಲು, ಸ್ಕೇಲ್ ಎಲ್ಲಾ ರೆಡಿ ಮಾಡಿ ಗ್ರೌಂಡಲ್ಲಿ ನಿಂತಿದ್ರು. 12.20ಕ್ಕೆ ಮಳೆ ಹೊಡೀಲಿಕ್ಕೆ ಶುರು ಆಯ್ತು, ಜಗಲಿಗೆ ಓಡಿ ಬಂದ್ರು. ಅವರು ಅಪ್ಲೋಡ್ ಮಾಡಿದ್ದು ನಲ್ವತ್ತು ಸೆಕೆಂಡಿನ ವಿಡಿಯೋ, ಗ್ರೌಂಡಿನ ಮಧ್ಯೆ ಒಂದೇ ಕೋಲು ಮಳೆಯಲ್ಲಿ ನೆನೀತಾ ಉಂಟು, ಹಿಂದಿಂದ ಅದೇ ಹುಡುಗಿಯ ದನಿ: "ಇವತ್ತು ಮೋಡ ಇದ್ದ ಕಾರಣ ನೆರಳು ನೋಡ್ಲಿಕ್ಕೆ ಆಗ್ಲಿಲ್ಲ. ನಮ್ಮ ಹತ್ರ ಈ ದಿನದ ಅಳತೆ ಇಲ್ಲ. ನಿಮ್ಮಲ್ಲಿ ಬಿಸಿಲಿದ್ರೆ ಅಳೆದು ಕಮೆಂಟ್ ಮಾಡಿ, ಊರಿನ ಹೆಸರು ಮತ್ತೆ ಟೈಮ್ ಹಾಕ್ಲಿಕ್ಕೆ ಮರೀಬೇಡಿ."